ಯಾವಾಕಿ ಆಬೇದಾ?

ಹಲೋ... ಹಲೋ, ಬೀದರ ಟೇಶನ್ ಏನ್ರಿ? ಯಾರ್ ಮಾತಾಡೋದು?... ನಾ ಸುಮಿತ್ರಾಬಾಯಿ, ಹೆಣ್ಮಕ್ಕಳ ಸಾಲಿ ಟೀಚರ್. ಹಲಬರ್ಗಾ ಟೇಶನ್ನಿಂದ ಮಾತಾಡ್ಲತ್ತೇನಿ. ನಮ್ಮ ಹೆಡ್ ಟೀಚರ್ ಮರಿಯಮಬೀ ಆಪಾ ಅಲ್ಲೇ ಬಂದು ಕುಂತಾರಂತ. ಜರಾ ಕರೀರಿ, ಮೆಹರ್ಬಾನಿ...

ಆಪಾ?... ಹಾಂ, ನಾನೇ. ಅಳಬ್ಯಾಡ್ರಿ. ಹುಡುಗ್ಯಾರು ಎಲ್ಲಾರೂ ಅದಾರ...

ಗಾಡಿ ಎಲ್ಲೀದ್ರಿ? ಹಿಂದುಸ್ತಾನದ ಲಷ್ಕರ ಒಳಗ ಬಂದ ಮ್ಯಾಲ ಒಂದೂ ಗಾಡಿ ಬಂದಿಲ್ಲ. ನಿನ್ನಿ ಹುಡುಗ್ಯಾರು ಹಳ್ಳದ ಮ್ಯಾಲ ಹಗ್ಗ ಕಟ್ಟಿ, ಒಬ್ಬರಿಗೊಬ್ಬರು ಕೈ ಕೊಟ್ಟು ದಾಟ್ಲತ್ತಿದ್ರು, ನಗಲತ್ತಿದ್ರು. ಈಗ ಟೇಶನ್ನಿನ ಕೋಣ್ಯಾಗ ಚಿಲಕ ಹಾಕ್ಕೊಂಡು ಕುಂತೇವಿ... ನಿಮ್ದೇನ್ ತಪ್ಪು ಆಪಾ? ಹುಡುಗ್ಯಾರು ಧೈರ್ಯಾ ಕಲೀಲಿ ಅಂತ ಕ್ಯಾಂಪಿಗಿ ಕಳಿಸಿದ್ರಿ...

ಯಾರಿಗಿ ಅಂಜಿ ಅಂತೀರಾ? ಮುಂಜಾನಿ ರಜಾಕಾರರು ಬಂದಿದ್ರು, ಬಂದೂಕ ಹಿಡ್ಕೊಂಡು. ಆಬೇದಾನೇ ಬಾಗಲದಾಗ ನಿಂತು ಉರ್ದುದಾಗ ದಬಾಯಿಸಿದ್ಳು. ಇವ್ರೆಲ್ಲಾ ನನ್ನ ಅಕ್ಕ-ತಂಗೇರು, ಒಳಗ ಕಾಲಿಡಬ್ಯಾಡ್ರಿ ಅಂದ್ಳು... ಹಾಂ, ನಿಮ್ಮ ಮಗಳೇ...

ಅವರು ಓಡಿ ಹೋದ್ರು ಆಪಾ. ಈಗ ಬಂದೋರು ಬ್ಯಾರೇ, ಸುತ್ತಲ ಹಳ್ಳಿ ಹಿಂದೂ ಮಂದಿ. ರಜಾಕಾರರು ಮನಿ ಸುಟ್ಟ ಸಿಟ್ಟು ಇವರಿಗಿ. ಕೊಡ್ಲಿ ಹಿಡ್ಕೊಂಡು ಹೊರಗ ನಿಂತಾರ. ನಿಮ್ಮೊಳಗ ಮುಸಲ್ಮಾನರ ಹುಡುಗಿ ಅದಾಳಂತ, ಆಕಿಗಿ ಹೊರಗ ಕಳಸ್ರಿ ಅಂತಾರ... ಹೌದ್ರಿ, ಆಬೇದಾ ಒಬ್ಬಾಕಿನೇ...

ಅದಕ್ಕೇ ನಿಮಗ ಕೇಳ್ಲತ್ತೇನಿ. ಆಕಿ ಹಣಿಗಿ ಕುಂಕಮ ಹಚ್ಚಲೇನ್ರಿ? ಕಾಂತಾಬಾಯಿ ಅಂತ ಹೆಸರು ಹೇಳ್ತೇನಿ. ತಾಯಿ ನೀವು, ನಿಮಗ ಕೇಳದೆ ನಾ ಹ್ಯಾಂಗ ಹಚ್ಚಲಿ?...

ಹಾಂ?... ಜೋರ್ ಮಾತಾಡ್ರಿ... ಹಚ್ಚು ಅಂತೀರಾ?... ಜೀವಾ ಉಳೀಲಿ ಅಂತೀರಾ... ಹೂಂ. ಹೂಂ ಆಪಾ...

ಆಬೇದಾ, ಬಾ ಇಲ್ಲಿ. ನಿಮ್ಮ ಅಮ್ಮಿ ಹೂಂ ಅಂದಾರ... ಯಾಕ? ಯಾಕ ಬ್ಯಾಡಂತಿ?... ಆಪಾ, ಒಲ್ಲೆ ಅಂತಾಳ್ರಿ. ತನ್ನ ಹೆಸರು ಬಿಟ್ಟು ತಾ ಬದುಕಂಗಿಲ್ಲಂತ. ಗ್ವಾಡಿಗಿ ಬೆನ್ನು ಹಚ್ಚಿ ನಿಂತಾಳ... ನಾ ಏನ್ ಮಾಡ್ಲಿ, ಹೇಳ್ರಿ? ಬಾಗಲಾ ಬಡೀಲತ್ತಾರ...

ಸತ್ಯಮ್ಮಾ! ಏ ಸತ್ಯಮ್ಮಾ, ಇದೇನ್ ಮಾಡ್ಲತ್ತಿ?... ಆಪಾ, ಸತ್ಯಮ್ಮ ತನ್ನ ಕುಂಕಮಾ ಅಳಿಸಿಬಿಟ್ಳು! ಸೆರಗಿಲೆ ವರ್ಸಿಕೊಂಡ್ಳು... ಅದೇ, ಮೆಹಕರದ ಸತ್ಯಮ್ಮ. ಹೋದ ಬ್ಯಾಸಗಿ ರಜಾಕಾರರು ಆಕಿ ಅಣ್ಣಗ ಕೊಂದ್ರು ನೋಡ್ರಿ, ಆಕಿನೇ... ಈಗ ಎಲ್ಲಾರೂ ವರ್ಸಿಕೊಳ್ಲತ್ತಾರ. ಎಲ್ಲಾರದೂ ಒಂದೇ ನಮೂನಿ ನೀಲಿ ಸೀರಿ. ಯಾವಾಕಿ ಆಬೇದಾ, ಯಾವಾಕಿ ಸತ್ಯಮ್ಮ, ನನಗೂ ಗುರ್ತ ಸಿಗವಲ್ದು...

ನಾನಾ?... ಹೂಂ, ನಾನೂ ವರ್ಸಿಕೊಂಡೆ. ಗಂಡ ಇದ್ದಾಕಿ, ಕೈ ಏಳವಲ್ದಾಗಿತ್ತು. ಆದ್ರೂ ವರ್ಸಿಕೊಂಡೆ...

ಬಾಗಲಾ ಮುರೀತದ ಆಪಾ. ನಾನೇ ತೆಗೀತೇನಿ. ಫೋನ್ ಮೇಜಿನ ಮ್ಯಾಲ ಇಡ್ತೇನಿ, ನೀವು ಇಡಬ್ಯಾಡ್ರಿ...

...

ಹಲೋ... ಆಪಾ, ಇದ್ದೀರೇನ್ರಿ?... ಅದಾಳ, ಅದಾಳ. ಯಾರಿಗೂ ಏನೂ ಆಗಿಲ್ಲ. ತಡೀರಿ, ಹೇಳ್ತೇನಿ... ಮುಂದ ಒಬ್ಬ ಮುದುಕ ಇದ್ದ, ಧೊಂಡಿಬಾ ಅಂತ. ಯಾವಾಕಿ, ಹೇಳು ಅಂದ. ನಾ ಬಾಯಿ ತೆರಿಯೋದ್ರಾಗ ಹುಡುಗ್ಯಾರು ಎಲ್ಲಾರೂ ಕೈ ಕೈ ಹಿಡ್ಕೊಂಡು ಒಂದ್ ಹೆಜ್ಜಿ ಮುಂದ ಬಂದ್ರು. ಮುದುಕ ನನ್ನ ತಾಳಿ ನೋಡ್ದ, ಹಣಿ ನೋಡ್ದ. ಮುತ್ತೈದಿ, ಹಣಿ ಯಾಕ ಬೋಳು ಮಾಡ್ಕೊಂಡಿ ತಂಗಿ ಅಂದ. ನೀವು ಬಂದೀರಲ್ಲ, ಅದಕ್ಕ ಅಂದೆ. ಕೊಡ್ಲಿ ಕೆಳಗ ಇಟ್ಟ...

ಇಲ್ರಿ, ಹೋಗಿಲ್ಲ. ಬೇವಿನ ಗಿಡದ ಬುಡಕ ಕುಂತಾರ. ಆ ಮುದುಕ ನಮ್ಮ ಬಾಗಲಕ್ಕ ಅಡ್ಡ ಕುಂತಾನ, ಅವರ ಕಡಿ ಮಾರಿ ಮಾಡಿ. ಭಾಲ್ಕಿಯಿಂದ ಲಷ್ಕರದ ಗಾಡಿ ಬರ್ತದಂತ ಟೇಶನ್ ಮಾಸ್ತರ ಹೇಳ್ತಾರ. ಯಾವಾಗ ಅಂತ ಅವರಿಗೂ ಗೊತ್ತಿಲ್ಲ. ಅಲ್ಲೀ ತನಕ ಹೊರಗ ಕಾಲಿಡಂಗಿಲ್ಲ. ಕುಡಿಯೋ ನೀರೂ ಮುಗ್ದದ...

ಕೊಡ್ತೇನಿ, ಇಲ್ಲೇ ನಿಂತಾಳ... ಆಬೇದಾ, ತಗೋ, ನಿಮ್ಮ ಅಮ್ಮಿ... ಏನು?... ಆಪಾ, ಸತ್ಯಮ್ಮನ ಅವ್ವ ಗುಂಡಮ್ಮ ಅಲ್ಲಿ ಬಂದಾರೇನು?... ಮೂಲ್ಯಾಗ ಕುಂತಾರಾ? ಹಂಗಾದ್ರ ಮಗನ್ನ ಕಳಕೊಂಡ ತಾಯಿ, ಮೊದ್ಲು ಅವರ ಕೈಯಾಗ ಫೋನ್ ಕೊಡ್ರಿ ಅಂತಾಳ ನಿಮ್ಮ ಮಗಳು. ತಾ ಆಮ್ಯಾಲ ಮಾತಾಡ್ತಾಳಂತ...

ಹಲೋ?... ಗುಂಡಮ್ಮಾ? ನಿಮ್ಮ ಸತ್ಯಮ್ಮ ಅರಾಮ ಅದಾಳ... ಹಲೋ, ಕೇಳಸ್ತದೇನ್ರಿ?... ಹಲೋ... ಹಲೋ...