ಆರನೇ ಚಾನೆಲ್ ಖಾಲಿಯಾದ ಬಗ್ಗೆ

ಘನತೆವೆತ್ತ ಠಾಣಾಧಿಕಾರಿಗಳೇ, ಎದುರಿಗೆ ಕುಳಿತು ನನ್ನ ಅಕ್ಷರವನ್ನೇ ದಿಟ್ಟಿಸುತ್ತಿರುವ ಮುಖ್ಯಪೇದೆಯವರೇ, ಮುಂದೆಂದೋ ಒಂದು ದಿನ ಈ ಕಡತದ ಧೂಳು ಕೊಡವಿ, ಸೀನಿ, ಕನ್ನಡಕ ಏರಿಸಿ ಓದಲಿರುವ ಮಹಾಜನರೇ, ತಮಗೆಲ್ಲ ನಮಸ್ಕಾರ.

ಹೆಸರು ಮತ್ತು ಮನೆಯ ವಿಳಾಸವನ್ನು ಮೊದಲ ಹಾಳೆಯಲ್ಲಿ ಬರೆದುಕೊಟ್ಟಿರುವ, ನಲವತ್ತಾರು ವರ್ಷ ವಯಸ್ಸಿನ, ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಪಠ್ಯಪುಸ್ತಕ ಅಚ್ಚುಹಾಕುವ ಮುದ್ರಣಾಲಯಕ್ಕೆ ಮನೆಯಲ್ಲೇ ಕುಳಿತು ಕರಡು ತಿದ್ದಿಕೊಡುವ ನಾನು ಈ ಹಾಳೆಗಳಲ್ಲಿ ತಮ್ಮ ಗಮನಕ್ಕೆ ತರುವುದೇನೆಂದರೆ:

ನಮ್ಮ ಎದುರು ಕಟ್ಟಡದ ಮೂರನೇ ಮಹಡಿಯ ಮೂಲೆ ಮನೆಯಲ್ಲಿ ವಾಸವಿರುವ ವ್ಯಕ್ತಿ, ಇವರನ್ನು ಇನ್ನು ಮುಂದೆ ಎದುರು ಪಾರ್ಟಿ ಎಂದು ಬರೆಯುತ್ತೇನೆ, ತಮ್ಮ ವೈಫೈ ಡಬ್ಬಿಯಿಂದ ನನ್ನ ಮನೆಯ ಇಂಟರ್ನೆಟ್ಟಿಗೆ ತೊಂದರೆ ಕೊಟ್ಟಿರುತ್ತಾರೆ. ಪೊಲೀಸರು ಇವತ್ತೇ, ಸಾಧ್ಯವಾದರೆ ಮಧ್ಯಾಹ್ನದ ಊಟಕ್ಕೆ ಮುಂಚೆಯೇ, ಆ ಮನೆಗೆ ಹೋಗಿ ಬಾಗಿಲು ತೆರೆಸಿ ಒಳಗೆ ನೋಡಬೇಕೆಂಬುದು ನನ್ನ ಕೋರಿಕೆ. ಮುಖ್ಯಪೇದೆಯವರು "ಬರೆಯೋಕೆ ಬರುತ್ತಲ್ಲ ಯಜಮಾನ್ರೇ, ನೀವೇ ಬರ್ಕೊಡಿ, ನನ್ನ ಕೈ ಬಿದ್ದುಹೋಗಿದೆ. ಆದ್ರೆ ಕಥೆ ಬೇಡ, ಕಾದಂಬರಿ ಬೇಡ" ಎಂದಿರುವುದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಸುಮಾರು ಎರಡು ತಿಂಗಳ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ನಮ್ಮ ಇಂಟರ್ನೆಟ್ ಮೊದಲ ಸಲ ಕುಂಟಿತು. ನನ್ನ ಹೆಂಡತಿ ನಡುಕೋಣೆಯಲ್ಲಿ ಕುಳಿತು ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಅಂದು "ಏಳು ಏಳ್ಲ" ಎಂದವಳು ತೆರೆದ ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಬಿಟ್ಟಳು. ಆ ಬಾಯಿಯ ಚಿತ್ರ ಹನ್ನೊಂದು ಮನೆಗಳ ಫೋನುಗಳಲ್ಲಿ ಇವತ್ತಿಗೂ ಇದೆಯಂತೆ. "ಏನ್ರೀ, ಕರಡು ತಿದ್ದೋದು ಆಮೇಲೆ ಇರ್ಲಿ, ಮೊದಲು ಇದನ್ನ ತಿದ್ದಿ" ಎಂದು ಒಳಗಿಂದ ಕೂಗಿದಳು.

ತಿದ್ದಲು ಹೋದೆ. ರೂಟರ್ ಆಫ್ ಮಾಡಿ, ಮೂವತ್ತರವರೆಗೆ ಎಣಿಸಿ, ಆನ್ ಮಾಡಿದೆ. ತಂತಿ ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ. ಕಪಾಟಿನ ಹಿಂದಿದ್ದ ಡಬ್ಬಿಯನ್ನು ಕಪಾಟಿನ ಮೇಲೇರಿಸಿದೆ. ಹೆಲ್ಪ್‌ಲೈನಿಗೆ ಫೋನ್ ಮಾಡಿದಾಗ ಒಬ್ಬ ಹೆಣ್ಣುಮಗಳು "ಸರ್, ಹಸಿರು ದೀಪ ಉರೀತಿದೆಯಾ, ಮಿನುಗ್ತಿದೆಯಾ?" ಎಂದು ಕೇಳಿದರು. ಒಮ್ಮೆ ಉರಿಯುತ್ತದೆ, ಒಮ್ಮೆ ಮಿನುಗುತ್ತದೆ ಎಂದೆ. "ಯಾವುದಾದ್ರೂ ಒಂದು ಹೇಳಿ ಸರ್, ಇಲ್ಲಿ ಒಂದೇ ಟಿಕ್ ಹಾಕೋಕಾಗೋದು" ಎಂದರು. ಮಿನುಗುತ್ತದೆ ಎಂದೆ. ಕಿವಿಗೆ ಅದೇ ಇಂಪಾಗಿತ್ತು.

ಮಾರನೆಯ ದಿನ ಲೈನ್‌ಮನ್ ಬಂದು, ತನ್ನ ಫೋನಿನಲ್ಲಿ ಗುಡ್ಡದ ಸಾಲಿನಂಥ ಒಂದು ಚಿತ್ರ ತೆಗೆದು ತೋರಿಸಿದ. "ನಿಮ್ಮ ಲೈನೇನೋ ಸರಿ ಇದೆ ಸರ್. ವೈಫೈಗೆ ಚಾನೆಲ್ ಅಂತ ಇರ್ತವೆ, ರಸ್ತೆ ಇದ್ದ ಹಾಗೆ. ನಿಮ್ಮದೂ ಆರನೇದು, ಎದುರುಗಡೆ ಯಾರದೋ ಅದೂ ಆರನೇದು. ಅವರ ಗಾಡಿ ನಿಮ್ಮದಕ್ಕಿಂತ ದೊಡ್ಡದು, ಅಡ್ಡ ನಿಂತಿದೆ" ಎಂದ. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹನ್ನೆರಡು ಅಡಿ ಅಗಲದ ಓಣಿ. ಆಚೆ, ನಮ್ಮ ಎತ್ತರಕ್ಕೇ ಇರುವ ಕಿಟಕಿಯ ಕಟ್ಟೆಯ ಮೇಲೆ ಎರಡು ಕೋಡಿನ ಡಬ್ಬಿ. ಅದರ ನೀಲಿ ದೀಪ ನನ್ನನ್ನೇ ನೋಡುತ್ತಿತ್ತು. ಅದರ ಹಿಂದೆ ಪರದೆ. ಪರದೆಯ ಹಿಂದೆ ಯಾರು ಎಂಬುದು ತಿಳಿಯಲಿಲ್ಲ.

ಪ್ರತಿ ವೈಫೈಗೂ ಒಂದು ಹೆಸರಿರುತ್ತದೆ ಮತ್ತು ಆ ಹೆಸರು ಸುತ್ತಲಿನ ಎಲ್ಲರ ಫೋನುಗಳಲ್ಲೂ ಕಾಣುತ್ತದೆ ಎಂಬುದು ತಮಗೆ ತಿಳಿದೇ ಇದೆ. ಎದುರು ಪಾರ್ಟಿಯ ಹೆಸರಾಗಲಿ ನಂಬರಾಗಲಿ ಗೊತ್ತಿಲ್ಲದ ಕಾರಣ ನಾನು ನಮ್ಮ ವೈಫೈನ ಹೆಸರನ್ನೇ ಮನವಿಪತ್ರ ಮಾಡಿದೆ. ರೂಟರಿನ ಸೆಟ್ಟಿಂಗ್ಸ್ ಪುಟ ತೆರೆದು ಹೆಸರಿನ ಜಾಗದಲ್ಲಿ ಬರೆಯಲು ಹೋದರೆ, ಕನ್ನಡ ಲಿಪಿಯಲ್ಲಿ ಹತ್ತು ಅಕ್ಷರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಾದರೆ, ಖಾಲಿ ಜಾಗವೂ ಸೇರಿ, ಮೂವತ್ತೆರಡು. ಆದ್ದರಿಂದ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆ: ಚಾನೆಲ್ ಆರು ಬಿಡಿ, ಪುಣ್ಯ ಕಟ್ಕೊಳ್ಳಿ. ಸರಿಯಾಗಿ ಮೂವತ್ತೆರಡು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ಮಾರನೆಯ ದಿನ ಬೆಳಿಗ್ಗೆ ಎಂಟೂವರೆಗೆ ಎದುರು ಕಿಟಕಿಯ ನೀಲಿ ದೀಪ ಆರಿ ಮತ್ತೆ ಹತ್ತಿತು. ಹೆಸರು ಬದಲಿಸಿ ಉಳಿಸಿದಾಗ ಡಬ್ಬಿ ಒಮ್ಮೆ ಮಲಗಿ ಏಳುತ್ತದೆ. ನನ್ನ ಫೋನಿನ ಪಟ್ಟಿಯಲ್ಲಿ, ಅಲ್ಲಿಯವರೆಗೆ ಬರೀ ಅಂಕಿಸಂಖ್ಯೆಯಾಗಿದ್ದ ಅವರ ವೈಫೈ ಈಗ ಹೀಗೆಂದಿತು: ಕೊಳ್ಳಿ ಅನ್ನಿ, ಕೊಲ್ಲಿ ಅನ್ಬೇಡಿ.

ಇದನ್ನು ವಿವರಿಸಬೇಕು. ಇಂಗ್ಲಿಷ್ ಕೀಲಿಗಳಿಂದ ಕನ್ನಡ ಟೈಪ್ ಮಾಡುವವರಿಗೆ ಗೊತ್ತಿರುವಂತೆ ಸಣ್ಣ ಎಲ್ ಒತ್ತಿದರೆ ಲ, ದೊಡ್ಡ ಎಲ್ ಒತ್ತಿದರೆ ಳ. ನಾನು ಅವಸರದಲ್ಲಿ ಎಲ್ಲವನ್ನೂ ಸಣ್ಣಕ್ಷರದಲ್ಲೇ ಒತ್ತಿದ್ದೆ. ಇಪ್ಪತ್ತೆರಡು ವರ್ಷಗಳಿಂದ ಕಂಡವರ ತಪ್ಪು ತಿದ್ದುತ್ತಿರುವ ನನ್ನ ತಪ್ಪನ್ನು ಮುಖ ಕಾಣದವರೊಬ್ಬರು ಬೀದಿಗೆಲ್ಲ ಕಾಣುವಂತೆ ತಿದ್ದಿದರು. ಇದನ್ನು ಮಾನಹಾನಿ ಎಂದು ನಮೂದಿಸಿಕೊಳ್ಳಬೇಕು.

ಇಲ್ಲಿ ಮುಖ್ಯಪೇದೆಯವರು ತಲೆ ಎತ್ತಿ, "ಕೊಲ್ಲಿ ಅಂತ ಬರ್ದಿದ್ದಾರಾ? ಹಂಗಾದ್ರೆ ಇದು ಕೊಲೆ ಬೆದರಿಕೆ ಆಯ್ತಲ್ಲ! ಯಾರು ಯಾರಿಗೆ ಹಾಕಿದ್ದು?" ಎಂದು ಉತ್ಸಾಹದಿಂದ ಕೇಳಿದರು. ನಾನೇ ಅವರಿಗೆ, ಎಂದೆ. "ನೀವು ದೂರು ಕೊಡೋಕೆ ಬಂದಿದ್ದೀರಾ, ಶರಣಾಗೋಕೆ ಬಂದಿದ್ದೀರಾ?" ಎಂದರು. ಮುಂದುವರಿಯುತ್ತೇನೆ.

ಅಂದು ಸಂಜೆ ನಮ್ಮ ವೈಫೈನ ಹೆಸರು: ತಿದ್ದಿದೆ ಕಾಗುಣಿತ, ಬಿಡೋದು ಉಚಿತ. ಮಾರನೆಯ ಬೆಳಿಗ್ಗೆ ಅವರದು: ಪುಕ್ಕಟೆ ಬಿಡಲ್ಲ, ಆರು ನನ್ನ ಕೋಟೆ. ನಾನು ಯೋಗ್ಯ ಎಂಬ ಅರ್ಥದಲ್ಲಿ ಬಳಸಿದ ಉಚಿತವನ್ನು ಅವರು ಬಿಟ್ಟಿ ಎಂಬ ಅರ್ಥಕ್ಕೆ ಎಳೆದು ನನ್ನ ಮೇಲೇ ಎಸೆದಿದ್ದರು. ಅದನ್ನು ಓದಿದಾಗ ನಾನು ನಿಂತಲ್ಲೇ ನಕ್ಕೆನೆಂದೂ, ಒಲೆಯ ಮೇಲಿದ್ದ ಹಾಲು ಉಕ್ಕಿತೆಂದೂ ಹೆಂಡತಿ ಹೇಳುತ್ತಾಳೆ. ಹಾಲಿನ ನಷ್ಟವನ್ನೂ ಎದುರು ಪಾರ್ಟಿಯ ಲೆಕ್ಕಕ್ಕೆ ಹಾಕಬೇಕು.

ಈ ಕೃತ್ಯ ದಿನಕ್ಕೊಂದರಂತೆ ಏಳು ವಾರ ನಡೆಯಿತು. ಹೆಸರು ಬದಲಾದಾಗಲೆಲ್ಲ ಮನೆಯ ಫೋನು, ಲ್ಯಾಪ್‌ಟಾಪ್, ಟಿ.ವಿ. ಎಲ್ಲವೂ ಅಪರಿಚಿತರಂತೆ ಮುಖ ತಿರುಗಿಸಿ ಪಾಸ್‌ವರ್ಡ್ ಕೇಳುತ್ತಿದ್ದವು. "ಇದೇನ್ರೀ ಇದು, ದಿನಾ ಒಂದು ಹೆಸರು! ಬೆಳಿಗ್ಗೆ ಎದ್ದು ಫ್ರಿಜ್ಜಿನ ಮೇಲೆ ಬರೆದಿಡಿ, ಇವತ್ತು ನಾವು ಯಾರು ಅಂತ" ಎಂದು ಹೆಂಡತಿ ರೇಗಿದಳು. ಅವಳ ತರಗತಿ ಮೊದಲಿನಂತೆಯೇ ಕುಂಟುತ್ತಿತ್ತು. ಒಂದು ದಿನ ಆಚೆಯಿಂದ ಸಕ್ಕರೆ ಮುಗಿತು, ಪ್ರಾಸ ಮುಗಿದಿಲ್ಲ ಎಂದು ಬಂದಾಗ ಅವಳೂ ಓದಿ, "ಪಾಪ, ಒಂದು ಲೋಟ ಸಕ್ಕರೆ ಕೊಟ್ಟು ಬರಬಾರ್ದಾ? ಹನ್ನೆರಡು ಅಡಿ ದಾಟೋಕೆ ನಿಮಗೆ ಪಾಸ್‌ಪೋರ್ಟ್ ಬೇಕಾ?" ಎಂದಳು. ಮುಖ ನೋಡಿದರೆ ಪ್ರಾಸ ಕೆಡುತ್ತದೆ ಎಂದೆ. "ನಿಮ್ಮ ತಲೆ ಕೆಟ್ಟಿದೆ" ಎಂದಳು. ಸಕ್ಕರೆ ನಾನು ಕೊಡಲಿಲ್ಲ. ಇದು ನಡೆದ ಸಂಗತಿಯಾದ್ದರಿಂದ ಬರೆದಿದ್ದೇನೆ.

ಕಳೆದ ಶುಕ್ರವಾರ ಸಂಜೆ ಆರು ನಲವತ್ತಕ್ಕೆ, ಬೆಳಿಗ್ಗೆ ಬರಬೇಕಾದದ್ದು ತಡವಾಗಿ ಬಂತು. ಅದರ ಪಾಠ: ಜ್ವರ ನೂರೆರಡು, ಪ್ರಾಸ ನಾಳೆ ನೋಡು.

ಇದರಲ್ಲಿ ಎರಡು ಅಪರಾಧಗಳಿವೆ. ಒಂದು, ಜ್ವರದ ನೆಪ ಹೇಳಿ ಪಾಳಿ ತಪ್ಪಿಸಿಕೊಂಡಿರುವುದು. ಎರಡು, ಏಳು ವಾರ ಅನ್ನಿ, ಅನ್ಬೇಡಿ ಎಂದು ಬಹುವಚನದಲ್ಲೇ ಮಾತಾಡಿದವರು ಏಕಾಏಕಿ ನೋಡು ಎಂದು ಏಕವಚನಕ್ಕೆ ಇಳಿದಿರುವುದು. ನೋಡಿ ಎಂದರೆ ಪ್ರಾಸ ತಪ್ಪುತ್ತದೆ, ನಿಜ. ಆದರೆ ಇಷ್ಟು ನುರಿತವರಿಗೆ ಬೇರೆ ಪ್ರಾಸ ಸಿಗುತ್ತಿರಲಿಲ್ಲವೇ? ಆ ಏಕವಚನ ಮರ್ಯಾದೆ ತೆಗೆಯಲು ಬಂದದ್ದಲ್ಲ ಎಂದು ನನಗನ್ನಿಸಿತು. ಯಾಕೆ ಹಾಗನ್ನಿಸಿತೆಂದು ಹೇಳಲಾರೆ. ಏಳು ಗಂಟೆಗೆ ನಮ್ಮ ಹೆಸರು ಬದಲಿಸಿದೆ: ಮಾತ್ರೆ ತಗೊಳ್ಳಿ, ರಾತ್ರಿ ಮಲಕೊಳ್ಳಿ. ನಾಲ್ಕು ಳ ಇದ್ದವು. ನಾಲ್ಕನ್ನೂ ದೊಡ್ಡಕ್ಷರದಲ್ಲೇ ಒತ್ತಿ, ಎರಡು ಸಲ ಓದಿ, ಆಮೇಲೆ ಉಳಿಸಿದೆ.

ಶನಿವಾರ ಇಡೀ ದಿನ ಅವರ ಹೆಸರು ಬದಲಾಗಲಿಲ್ಲ. ಜ್ವರ ನೂರೆರಡು ಎಂದೇ ಇತ್ತು. ಭಾನುವಾರ ಬೆಳಿಗ್ಗೆ ಏಳಕ್ಕೆ ಎದ್ದು ನೋಡಿದರೆ ಹೆಸರೇ ಇಲ್ಲ. ಆರನೆಯದು ಆರಿತ್ತು. ಕಿಟಕಿ ಕಟ್ಟೆಯ ಮೇಲೆ ಡಬ್ಬಿ ಇದೆ, ದೀಪವಿಲ್ಲ.

ದೋಷ ನನ್ನ ಕಡೆಯೇ ಇರಬಹುದೆಂದು ಮೊದಲು ನಮ್ಮದನ್ನೆಲ್ಲ ಪರೀಕ್ಷಿಸಿದೆ. ಫೋನಿನ ವೈಫೈ ಆಫ್ ಮಾಡಿ ಆನ್ ಮಾಡಿದೆ. ಫೋನನ್ನೇ ಆಫ್ ಮಾಡಿ ಆನ್ ಮಾಡಿದೆ. ನೆಟ್‌ವರ್ಕ್ ಸೆಟ್ಟಿಂಗ್ ಅಳಿಸಿ ಹೊಸದಾಗಿ ಹಾಕಿದೆ. ಹೆಂಡತಿಯ ಫೋನಿನಲ್ಲಿ ಹುಡುಕಿದೆ. ಕರೆಂಟು ಹೋಗಿದೆಯೇ ನೋಡಿದೆ. ಅವರ ಕಟ್ಟಡದ ಮೆಟ್ಟಿಲ ದೀಪ ಹಗಲಿನಲ್ಲೂ ಉರಿಯುತ್ತಿತ್ತು. ಹೆಲ್ಪ್‌ಲೈನಿಗೂ ಫೋನ್ ಮಾಡಿದೆ. "ಏನು ತೊಂದರೆ ಸರ್?" ಎಂದರು. ಎದುರು ಮನೆಯವರ ವೈಫೈ ಕಾಣುತ್ತಿಲ್ಲ ಎಂದೆ. "ನಿಮ್ಮದು ಕಾಣ್ತಿದೆಯಲ್ಲ ಸರ್?" ಎಂದರು. ಕಾಣುತ್ತಿದೆ ಎಂದೆ. "ಮತ್ತೇನು ಸರ್?" ಎಂದರು. ಫೋನ್ ಇಟ್ಟೆ.

ಭಾನುವಾರದ ಮೂರು ತರಗತಿಗಳೂ ಒಂದೇ ಒಂದು ತಡೆಯಿಲ್ಲದೆ ನಡೆದವು. "ಜಮ್ ಅಂತ ಓಡ್ತಿದೆ ಕಣ್ರೀ, ಏನು ಮಾಡಿದ್ರಿ?" ಎಂದು ಹೆಂಡತಿ ಹಿಗ್ಗಿದಳು. ನಾನು ಎದುರು ಕಿಟಕಿಯನ್ನೇ ನೋಡುತ್ತಿದ್ದೆ. ಅವಳು ಕಿಟಕಿಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ. "ಚಪ್ಪಲಿ ಹಾಕ್ಕೊಳ್ಳಿ, ಹೋಗಿ ವಿಚಾರಿಸ್ಕೊಂಡು ಬನ್ನಿ" ಎಂದಳು.

ಸಂಜೆ ಐದಕ್ಕೆ ಹೋದೆ. ಗೇಟಿನ ಕಾವಲುಗಾರರು "ಯಾರ ಮನೆಗೆ? ಹೆಸರು ಹೇಳಿ, ಬರ್ಕೋಬೇಕು" ಎಂದರು. ಮೂರನೇ ಮಹಡಿ ಮೂಲೆ ಮನೆ ಎಂದೆ. "ಅದು ನಂಬರ್ ಆಯ್ತು. ನಾನು ಕೇಳಿದ್ದು ಹೆಸರು" ಎಂದರು. ನೀವೇ ಹೇಳಿ, ಎಂದೆ. "ಸರಿಯಾಗಿದೆ! ನೆಂಟರ ಹೆಸರು ನನ್ನ ಕೇಳ್ತೀರಾ? ಹಂಗೆಲ್ಲ ಯಾರ ಹೆಸರೂ ಹೇಳೋ ಹಾಗಿಲ್ಲ, ಮಾಲೀಕರು ನನ್ನ ಕೆಲಸ ತೆಗೀತಾರೆ" ಎಂದರು. ನಾನು ಕದಲದೆ ನಿಂತದ್ದು ನೋಡಿ, ಮನಸ್ಸು ಕರಗಿ, ಒಳಗಿನ ಫೋನಿನಿಂದ ಮೇಲಕ್ಕೆ ಕರೆ ಮಾಡಿದರು. ಮೂರು ಸಲ ಪೂರ್ತಿ ರಿಂಗಾಯಿತು. ಯಾರೂ ಎತ್ತಲಿಲ್ಲ. "ಊರಿಗೆ ಹೋಗಿರ್ಬೇಕು ಬಿಡಿ" ಎಂದರು. ಹೋದದ್ದನ್ನು ನೋಡಿದಿರಾ ಎಂದೆ. "ನೋಡಿಲ್ಲ. ಅವರು ಬರೋದೂ ಕಮ್ಮಿ, ಹೋಗೋದೂ ಕಮ್ಮಿ" ಎಂದರು.

ಆದ್ದರಿಂದ ಎದುರು ಪಾರ್ಟಿ ತಮ್ಮ ಡಬ್ಬಿಯ ದೀಪ ಆರಿಸಿ ಸಾಕ್ಷ್ಯ ನಾಶಪಡಿಸುತ್ತಿರುವ ಅನುಮಾನವಿದ್ದು, ತಡಮಾಡದೆ ಬಾಗಿಲು ತೆರೆಸಬೇಕಾಗಿ ಕೋರುತ್ತೇನೆ.

ಇಲ್ಲಿಯವರೆಗೆ ಓದಿದ ಮುಖ್ಯಪೇದೆಯ‍ವರು ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡು, "ಅಲ್ಲ ಯಜಮಾನ್ರೇ, ನಮ್ಮ ಮನೇಲೂ ಹಿಂಗೇ ಆಗಿತ್ತು. ಲೈನ್‌ಮನ್ ಬಂದ, ಬೇರೆ ಚಾನೆಲ್ ಹಾಕಿದ, ಹೋದ. ನಿಮ್ಮವನು ಹಾಕ್ಕೊಡಲಿಲ್ವಾ?" ಎಂದು ಕೇಳಿದರು.

ಹಾಕಿಕೊಡುತ್ತೇನೆಂದ. ಹನ್ನೊಂದನೆಯದು ಖಾಲಿ ಇತ್ತು, ಎರಡು ನಿಮಿಷದ ಕೆಲಸ. ನಾನೇ ಬೇಡವೆಂದೆ. ಮೊದಲ ದಿನ ಹಟಕ್ಕೆ ಬೇಡವೆಂದೆ. ಆಮೇಲೆ ಹಟ ಹೋಗಿ ಚಟ ಬಂತು.

ಸ್ವಾಮಿ, ನನಗೆ ಯಾರಿಂದಲೂ ಯಾವ ತೊಂದರೆಯೂ ಆಗಿಲ್ಲ. ನಿನ್ನೆಯೂ ಈ ಠಾಣೆಗೆ ಬಂದಿದ್ದೆ. ಈ ಮೇಜಿನಲ್ಲಿ ಬೇರೆಯವರಿದ್ದರು. ಎದುರು ಮನೆಯವರಿಗೆ ಜ್ವರವಿತ್ತು, ಈಗ ಸುಳಿವಿಲ್ಲ ಎಂದೆ. ಹೆಸರು ಕೇಳಿದರು, ಗೊತ್ತಿಲ್ಲ. ಗಂಡಸೋ ಹೆಂಗಸೋ ಕೇಳಿದರು, ಗೊತ್ತಿಲ್ಲ. ವಯಸ್ಸು ಗೊತ್ತಿಲ್ಲ. "ನಿಮಗೂ ಅವರಿಗೂ ಏನು ಸಂಬಂಧ?" ಎಂದರು. ನೆಂಟರಲ್ಲ, ಗೆಳೆಯರಲ್ಲ, ಮುಖ ಕಂಡವರಲ್ಲ. ಪ್ರಾಸ ಎಂದು ಹೇಳಲು ನಾಲಿಗೆ ಏಳಲಿಲ್ಲ. "ಸಂಬಂಧ ಇಲ್ದೋರ ಮಾತು ಕೇಳಿ ಕಂಡವರ ಬಾಗಿಲು ತೆಗೆಸೋಕಾಗಲ್ಲ" ಎಂದು ಕಳಿಸಿಬಿಟ್ಟರು. ದೂರು ಕೊಟ್ಟರೆ ದೂರುದಾರ, ಎದುರು ಪಾರ್ಟಿ ಎಂಬ ಒಂದು ಸಂಬಂಧವಾದರೂ ಹುಟ್ಟುತ್ತದಲ್ಲ ಎಂದು ಇಷ್ಟೆಲ್ಲ ಬರೆದೆ.

ಮೇಲಿನದರಲ್ಲಿ ದೂರು ಎಂದು ಬರೆದದ್ದೆಲ್ಲ ಸುಳ್ಳು. ಉಳಿದದ್ದೆಲ್ಲ ನಿಜ. ಜ್ವರ ಬಂದು ಇವತ್ತಿಗೆ ಐದನೇ ದಿನ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನ: ಮಂಗಳವಾರ, ಬೆಳಿಗ್ಗೆ ಹನ್ನೊಂದು ಹತ್ತು
ಸಹಿ: ಬಂದು ಹಾಕುತ್ತೇನೆ. ಮೊದಲು ಏಳಿ.