ಗ್ರಿಸೆಲ್ ಮದುವೆಗೆ ಬೆಂಕಿ ಹಾಕೋರು ಯಾರು

ನಗು, ನಗು. ಹೊಟ್ಟೆ ತುಂಬ ನಕ್ಕುಬಿಡು ನೆಮೇಸಿಯೊ. ನೀನು ಗೇಟಲ್ಲಿ ನಿಂತ್ಕೊಂಡು ಮೂಗಲ್ಲೇ ನಕ್ಕಿದ್ದು ಆಗಲೇ ಕೇಳಿಸ್ತು. ಹೌದಪ್ಪಾ, ಗ್ಯಾಸ್. ಗ್ಯಾಸೇ. ಈ ಓವಿಡಿಯೊ ಮನೆ ಹಿತ್ತಲಲ್ಲಿ, ನನ್ನ ಹಿತ್ತಲಲ್ಲಿ, ಭಾನುವಾರ ಮಧ್ಯಾಹ್ನ ಗ್ಯಾಸ್ ಒಲೆ ಮೇಲೆ ಮಾಂಸ ಬೇಯ್ತಾ ಇದೆ. ಹೋಗು, ದುರಾಸ್ನೊ ಊರಿಗೆಲ್ಲ ಡಂಗುರ ಸಾರ್ಕೊಂಡು ಬಾ. ಸಾರಿ ಆದ್ಮೇಲೆ ಕೂತ್ಕೋ. ಆ ಬೆತ್ತದ ಕುರ್ಚಿ ಕಿರುಗುಟ್ಟುತ್ತೆ, ಹೆದರ್ಬೇಡ, ಮುರಿಯಲ್ಲ... ಹಾಂ. ಕೂತೆಯಲ್ಲ, ಒಳ್ಳೇದು.

ಎಲ್ಬಾ ಮನೇಲಿಲ್ಲ. ತಂಗಿ ಮನೆಗೆ ಹೋಗಿದಾಳೆ. ಉಪ್ಪು ಹಚ್ಚಿ, ಚಾಕು ಪಕ್ಕದಲ್ಲಿಟ್ಟು, ನೂರು ಸಲ ಹುಷಾರು ಹೇಳಿ ಹೋದಳು. ಹೆಂಡತಿಯರು ಹಾಗೇ ಅಲ್ವಾ.

ಏನಂದೆ? ಗೊತ್ತು ಕಣೋ, ಗೊತ್ತು, ನಾನೇ ಹೇಳಿದ ಮಾತು ನಂಗೇ ಹೇಳಬೇಡ. ಗ್ಯಾಸ್ ಮೇಲೆ ಬೆಂದದ್ದು ಮಾಂಸ ಅಲ್ಲ, ಆಸ್ಪತ್ರೆ ಊಟ. ಅಂದಿದ್ದೆ. ನಿನ್ನ ಬಾವಮೈದ ಹೊಸ ಗ್ಯಾಸ್ ಒಲೆ ತಂದು ಊಟಕ್ಕೆ ಕರೆದಾಗ ತಟ್ಟೆ ಬೋರಲು ಹಾಕಿ, ಬರೀ ಬ್ರೆಡ್ ತಿಂದು ಎದ್ದು ಬಂದವನು ನಾನೇ. ಪಾಪ, ಅವನ ಹೆಂಡತಿ ಕಣ್ಣಲ್ಲಿ ನೀರು ಬಂದಿತ್ತಂತೆ. ಈಗ ನೆನಸ್ಕೊಂಡ್ರೆ ನಾಚಿಕೆ ಆಗುತ್ತೆ. ಅಷ್ಟೊಂದು ಸೊಕ್ಕು ಎಲ್ಲಿಂದ ಬಂದಿತ್ತೋ.

ನಮ್ಮ ಇಟ್ಟಿಗೆ ಒಲೆ ಮೇಲೆ ಎಲ್ಬಾ ಹೂಕುಂಡ ಇಟ್ಟಿದಾಳೆ, ಅಲ್ಲಿ ಗೋಡೆ ಪಕ್ಕ. ನೀನೂ ನಾನೂ ಸೇರಿ ಕಟ್ಟಿದ್ದು. ಇಟ್ಟಿಗೆ ನೀನು ಹೊತ್ತೆ, ಗಾರೆ ನಾನು ಕಲಸಿದೆ. ಇಡಬೇಡ ಅನ್ನಲಿಲ್ಲ ನಾನು. ಖಾಲಿ ಇರೋ ಒಲೆ ಮುಂದೆ ದಿನಾ ಓಡಾಡೋದಕ್ಕಿಂತ ಹೂವಾದ್ರೂ ಇರಲಿ ಅಂತ ಸುಮ್ಮನಾದೆ.

ಯಾಕೆ ಅಂದ್ರೆ... ಸಾಕಾಗಿದೆ ಕಣೋ. ಬೇರೇನಿಲ್ಲ. ನಲವತ್ತು ವರ್ಷ ಬೆಳಿಗ್ಗೆ ಆರಕ್ಕೆದ್ದು ಜಾಲಿ ಕಟ್ಟಿಗೆ ಸೀಳಿದೀನಿ. ಪಕ್ಕದ ಕಬ್ಬಿಣದ ಬುಟ್ಟೀಲಿ ಅದು ಉರಿಬೇಕು, ಕೆಂಡ ಉದುರಬೇಕು, ಆ ಕೆಂಡಾನ ಒಂದೊಂದೇ ಸಲಿಕೆ ಎಳೆದು ಜಾಲರಿ ಕೆಳಗೆ ಹರಡಬೇಕು. ಎರಡು ಗಂಟೆ ಕಾಯೋದು. ಹೊಗೆ ಕುಡಿಯೋದು. ಇದು ನೋಡು, ಗುಂಡಿ ತಿರುಗಿಸಿದ್ರೆ ಕಟಕ್ ಕಟಕ್ ಕಟಕ್, ಮೂರು ಸಲ ಅಂತು ಅಂದ್ರೆ ಸಣ್ಣ ಉರಿ. ಗಡಿಯಾರ ಗಂಟೆ ಹೊಡೆದಾಗ ಮಗುಚಿದ್ರೆ ಆಯ್ತು. ಪಕ್ಕದ ಮನೆಯವಳು ಒಣಗಿ ಹಾಕಿದ ಬಟ್ಟೆಗೆ ಹೊಗೆ ಬಂತು ಅಂತ ಜಗಳಕ್ಕೂ ಬರಲ್ಲ.

ರುಚಿ? ರುಚಿ ಇಲ್ಲ. ಅದನ್ನ ನೀನು ಹೇಳಬೇಕಾಗಿಲ್ಲ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಚುಸ್ಸೆಂದು ಹೊಗೆ ಎದ್ದು ಮತ್ತೆ ಮಾಂಸಕ್ಕೇ ಅಂಟ್ಕೋಬೇಕು. ಇಲ್ಲಿ ಆ ಕೊಬ್ಬು ತಗಡಿನ ಮೇಲೆ ಬಿದ್ದು ಸಾಯುತ್ತೆ. ಹೊಟ್ಟೆ ತುಂಬುತ್ತೆ, ಅಷ್ಟೇ. ಈ ವಯಸ್ಸಿಗೆ ಅಷ್ಟು ಸಾಲದಾ?

ಬಂತು ನೋಡು ವಿಷಯ. ನೀನು ಇದಕ್ಕೇ ಬಂದಿದ್ದು ಅಂತ ಗೇಟು ತೆರೆದಾಗಲೇ ಗೊತ್ತಾಯ್ತು. ಫೋನಲ್ಲೇ ಹೇಳಿದ್ನಲ್ಲ ನೆಮೇಸಿಯೊ, ಆಗಲ್ಲ ಅಂತ. ನಿನ್ನ ಮಗಳು ಗ್ರಿಸೆಲ್ ಮದುವೆ ಊಟಕ್ಕೆ ನನ್ನ ಕೈಲಿ ಬೆಂಕಿ ಹಾಕೋಕಾಗಲ್ಲ.

ಮೇಜು ಗುದ್ದಬೇಡ, ಲೋಟ ಬಿದ್ದೀತು. ನಂಗೆ ಮರೆತಿಲ್ಲ. ಇಗರ್ಜೀಲಿ ಪಾದ್ರಿಗಳು ಅವಳ ತಲೆಗೆ ನೀರು ಹಾಕೋವಾಗ ಮಗೂನ ಹಿಡ್ಕೊಂಡಿದ್ದು ಈ ಕೈಗಳೇ. ಅವಳಿಗೆ ನಾನು ಎರಡನೇ ಅಪ್ಪ ಅಂತ ದೇವರ ಮುಂದೆ ಒಪ್ಕೊಂಡವನು ನಾನು. ಆವತ್ತು ಸಂಜೆ ನಿಮ್ಮ ಅಂಗಳದಲ್ಲಿ ಕೆಂಡ ಎಳೀತಾ, ಇವಳ ಮದುವೆ ಬೆಂಕಿಗೂ ನಾನೇ, ಬೇರೆ ಯಾವನೂ ಸಲಿಕೆ ಮುಟ್ಟಂಗಿಲ್ಲ ಅಂದೆ. ಇಪ್ಪತ್ತಾರು ವರ್ಷ ಆಯ್ತು. ಎಲ್ಲ ನೆನಪಿದೆ.

ಆದ್ರೆ ನೂರ ಇಪ್ಪತ್ತು ಜನ, ಇಡೀ ಕರು, ರಾತ್ರಿಯಿಂದ ಬೆಂಕಿ... ಸೊಂಟ ಬಗ್ಗಲ್ಲ ನಂಗೆ. ಸೇತುವೆ ಹತ್ರ ಆ ಸಿಲ್ವೇರಾ ಇದಾನಲ್ಲ, ಅವನಿಗೆ ಹೇಳು. ಚೆನ್ನಾಗಿ ಮಾಡ್ತಾನೆ. ಉಪ್ಪು ಸ್ವಲ್ಪ ಮುಂದು, ಅದೊಂದು ಹೇಳಿ ಎಚ್ಚರಿಸು. ಇಲ್ಲಾಂದ್ರೆ ಇಂಥವೇ ನಾಲ್ಕು ಗ್ಯಾಸ್ ಒಲೆ ಬಾಡಿಗೆಗೆ ತರಿಸು, ಈಗಿನ ಹುಡುಗರಿಗೆ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತೆ...

ಸರಿ, ಬಯ್ಯಿ. ಸೋಮಾರಿ ಅನ್ನು. ಮಾತು ತಪ್ಪಿದವನು ಅನ್ನು. ಅವಳು ಅತ್ತಳು ಅಂತ ಮಾತ್ರ ಹೇಳಬೇಡ. ಅತ್ತಳಾ? ನನ್ನಿಂದ ಏನು ತಪ್ಪಾಯ್ತು ಅಂತ ಕೇಳಿದ್ಲಾ? ಅಯ್ಯೋ, ಅವಳದ್ದೇನೂ ಇಲ್ಲ ಅನ್ನು. ಓವಿಡಿಯೊಗೆ ಮುದಿತನದ ಸೋಮಾರಿತನ ಬಂದಿದೆ, ಗ್ಯಾಸಿಗೆ ಅಂಟ್ಕೊಂಡಿದಾನೆ ಅನ್ನು. ನಗಲಿ. ಅಳೋದಕ್ಕಿಂತ ನಗೋದು ವಾಸಿ.

ಏನದು? ಫೋನಲ್ಲಿ ಅವಳ ಮದುವೆ ಬಟ್ಟೆ ಫೋಟೋನಾ? ಕೊಡು. ನೋಡ್ತೀನಿ, ನೋಡ್ತೀನಿ... ಆಹಾ. ಚೆನ್ನಾಗಿದಾಳೆ. ಬಿಳಿ ಬಟ್ಟೆ ಎಷ್ಟು ಒಪ್ಪುತ್ತೆ ನೋಡು ಅವಳಿಗೆ. ಥೇಟ್ ಅವರಮ್ಮನ ನಿಲುವು. ತಗೋ, ಎಣ್ಣೆ ಕೈ ನನ್ನದು, ಕೊಳೆಯಾಗುತ್ತೆ.

ಯಾಕೆ, ಏನೂ ಅಂತಿಲ್ಲ ನೀನು?

ಥೂ, ಈ ಮೋಟಾರ್ ಬೈಕು! ಆ ಮೂಲೆ ಮನೆಯವನು ಕಣೋ, ಸೈಲೆನ್ಸರ್ ಕಿತ್ತು ಹಾಕಿದಾನೆ. ಭಾನುವಾರ ಊಟದ ಹೊತ್ತಿಗೆ ಸರಿಯಾಗಿ ನಾಲ್ಕು ಸುತ್ತು. ಕಿವಿ ಕಿತ್ತುಹೋಗುತ್ತೆ... ಹೋದ. ಹಾಂ, ಏನ್ ಹೇಳ್ತಿದ್ದೆ? ಅವಳ ಬಟ್ಟೆ. ಯಾರು ಹೊಲಿದಿದ್ದು? ಆ ಚೌಕದ ಹತ್ರದ ಹೆಂಗಸಾ?

ಕೋಪಾನಾ? ಇರಲಿ. ಮಾಂಸಕ್ಕೆ ಇನ್ನೂ ಹೊತ್ತಿದೆ, ಅಲ್ಲೀವರೆಗೆ ಒಂದು ಮಾಟೆ ಕಷಾಯ ಕುಡಿ. ನೀರು ಬಿಸಿ ಇದೆ, ಸೋರೆ ಬುರುಡೆಗೆ ಸೊಪ್ಪು ಈಗತಾನೆ ಹಾಕಿದ್ದು. ತಗೋ.

ತಗೋ ಕಣೋ. ಕೈ ನೋಯುತ್ತೆ.

ಬೇಡವಾದ್ರೆ ಬೇಡ ಅನ್ನು. ಕೊಟ್ಟ ಬುರುಡೆ ತಗೊಳ್ದೆ ಇರೋಷ್ಟು ಕೋಪ ನಮ್ಮಿಬ್ಬರ ನಡುವೆ ಯಾವತ್ತು ಬಂದಿತ್ತು? ಆ ಪಕ್ಷಕ್ಕೆ ನೀನು, ಈ ಪಕ್ಷಕ್ಕೆ ನಾನು ಅಂತ ಕಿತ್ತಾಡಿದಾಗಲೂ ಒಂದೇ ನಳಿಗೇಲಿ ಕುಡಿದಿದೀವಿ. ನೆಮೇಸಿಯೊ?

ನೆಮೇಸಿಯೊ.

...ಕುರ್ಚೀಲಿ ಇಲ್ಲ ನೀನು. ಅಲ್ವಾ? ಬೈಕ್ ಸದ್ದಲ್ಲಿ ಎದ್ದಿದೀಯ. ಖಾಲಿ ಕುರ್ಚಿಗೆ ಬುರುಡೆ ಚಾಚ್ಕೊಂಡು ನಿಂತಿದೀನಿ ನಾನು. ನೀನು ಎಲ್ಲೋ ನಿಂತು ನೋಡ್ತಾ ಇದೀಯ.

ಆ ಫೋನಲ್ಲಿ ಗ್ರಿಸೆಲ್ ಇರ್ಲಿಲ್ಲ.

ಸರಿ ಬಿಡು. ಸುಳ್ಳು ಹೇಳೀ ಹೇಳೀ ಸುಸ್ತಾಗಿತ್ತು ನಂಗೂ. ಮೊಂಟೆವಿಡಿಯೊ ಡಾಕ್ಟರು ಕಣ್ಣಿನ ನರ ಒಣಗಿದೆ ಅಂದ್ರು. ಕನ್ನಡಕ ಬದಲಾಯಿಸಿ ಪ್ರಯೋಜನ ಇಲ್ಲವಂತೆ. ಬೆಳಕು ಇದೆ, ಕತ್ತಲೆ ಇದೆ, ಅಷ್ಟು ತಿಳಿಯುತ್ತೆ. ಮುಖ ಇಲ್ಲ. ಕೆಂಡ ಇಲ್ಲ. ಬೂದಿ ಒಳಗೆ ಎಷ್ಟು ಕೆಂಪಿದೆ ಅಂತ ನೋಡದೆ ಬೆಂಕಿ ಕಾಯೋದು ಹೇಗೆ ಹೇಳು? ಅಂಗೈ ಚಾಚಿ ಶಾಖ ನೋಡಿ ಮಾಡ್ತೀನಿ ಅಂದ್ಕೊಂಡಿದ್ದೆ. ಮಾಡಿಯೂ ಮಾಡಿದೆ, ಫೆಬ್ರವರೀಲಿ, ನಿನ್ನ ಅರವತ್ತರ ಹುಟ್ಟುಹಬ್ಬಕ್ಕೆ. ಗಾಳಿ ತಿರುಗಿ ಶಾಖ ಬೇರೆ ಕಡೆ ಹೋಯ್ತು. ನಂಗೆ ತಿಳೀಲಿಲ್ಲ.

ಆವತ್ತು ಏನಾಯ್ತು ಅಂತ ನಿಂಗೆ ಗೊತ್ತು. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ರಿ ಎಲ್ಲರೂ. ಬಡಿಸಿದೆ. ಚಾಕುಗಳ ಸದ್ದು ಬಂತು, ಆಮೇಲೆ ನಿಂತುಹೋಯ್ತು. ಯಾರೂ ಏನೂ ಅನ್ನಲಿಲ್ಲ. ಬೆಂಕಿ ಕಾದವನಿಗೆ ಏನೂ ಅನ್ನಬಾರದಲ್ಲ ನಮ್ಮಲ್ಲಿ. ಸ್ವಲ್ಪ ಹೊತ್ತಿಗೆ ಮೇಜಿನ ಕೆಳಗೆ ನಿಮ್ಮ ನಾಯಿಗಳು ಅಗಿಯೋ ಸದ್ದು ಕೇಳಿಸ್ತು. ಮೂರೂ ನಾಯಿ. ಹೊಟ್ಟೆ ತುಂಬ ತಿಂದವು ಪಾಪ. ಆಮೇಲೆ ಪದ್ಧತಿ ಬಿಡಬಾರದು ಅಂತ ನೀನೇ ಎದ್ದು, ಓವಿಡಿಯೊಗೆ ಚಪ್ಪಾಳೆ ಅಂದೆ. ಎಲ್ಲರೂ ತಟ್ಟಿದ್ರಿ. ಜನ್ಮದಲ್ಲಿ ಅಷ್ಟು ಜೋರು ಚಪ್ಪಾಳೆ ಬಿದ್ದಿರಲಿಲ್ಲ ನಂಗೆ.

ಅದೇ ವಾರ ಈ ಗ್ಯಾಸ್ ಒಲೆ ತಂದೆ. ಗ್ರಿಸೆಲ್ ಮದುವೇಲಿ ನೂರ ಇಪ್ಪತ್ತು ಜನ ಹಾಗೆ ಚಪ್ಪಾಳೆ ತಟ್ಟೋದು ಬೇಡ ಕಣೋ. ಅವಳೂ ತಟ್ತಾಳೆ. ಆ ಸದ್ದಲ್ಲಿ ಅವಳ ಕೈ ಯಾವುದು ಅಂತ ಹುಡುಕ್ತಾ ನಿಲ್ಲೋದು ನನ್ನ ಕೈಲಾಗಲ್ಲ. ಮಾತು ತಪ್ಪಿದವನು ಅನ್ನಿಸ್ಕೊಳ್ಳೋದು ಅದಕ್ಕಿಂತ ಸುಲಭ ಅನ್ನಿಸ್ತು.

ಈಗ ನಿಂಗೆ ಗೊತ್ತಾಯ್ತಲ್ಲ. ಅವಳಿಗೆ ಹೇಳ್ತೀಯೋ ಬಿಡ್ತೀಯೋ ನಿಂಗೆ ಬಿಟ್ಟಿದ್ದು. ಬಯ್ಯಬೇಕಾದ್ರೆ ಬಯ್ಯಿ, ಹೋಗಬೇಕಾದ್ರೆ ಹೋಗು. ಆದ್ರೆ ಹೀಗೆ ಸುಮ್ಮನೆ ನಿಲ್ಲಬೇಡ, ದಮ್ಮಯ್ಯ. ಎಲ್ಲಿದೀಯ ನೆಮೇಸಿಯೊ? ಒಂದು ಮಾತಾಡು. ಆ ಕಡೆಗೆ ತಿರುಗ್ತೀನಿ.