ನೆರಳಿನುದ್ದದ ಕೋಳಿಗೂಡು

ಮೊದಲು ಬಾಗಿಲು ಹಾಕಿ ಬಾ. ಚಿಲಕನೂ… ಹಾಂ. ನಗೋರು ಈಗಲೇ ನಕ್ಕುಬಿಡಿ. ನಡುವೆ ನಕ್ಕರೆ ನಾನು ಎದ್ದು ಹೋಗೋಳು.

ಇದು ನಮ್ಮ ದೊಡ್ಡಪ್ಪನ ಮಗ ನೆದೆಲ್ಚೊಗೆ ಆದದ್ದು. ಪಕ್ಕದ ಮನೆ. ನಮ್ಮಿಬ್ಬರ ಅಂಗಳದ ನಡುವೆ ಒಂದು ಬೇಲಿ, ಅಷ್ಟೇ. ಯಾರೋ ಎಲ್ಲೋ ಹೇಳಿದ್ದು ಅಂತ ತಿಳ್ಕೋಬೇಡಿ.

ಪ್ಲಮ್ ಹಣ್ಣಿನ ಸಾರಾಯಿ ಇಳಿಸೋ ಕಾಲ. ಊರಿಗೆಲ್ಲ ಒಂದೇ ಭಟ್ಟಿ, ಸರದಿ ಬಂದಾಗ ಹೋಗಬೇಕು. ನೆದೆಲ್ಚೊನ ಸರದಿ ರಾತ್ರಿ ಬಂತು. ಕೆಲಸ ಮುಗಿಸಿ, ಕ್ಯಾನು ಹೊತ್ಕೊಂಡು, ಆಕ್ರೋಟು ಮರದ ಕೆಳಗಿನ ಬಾವಿ ದಾಟಿ ಬರ್ತಿದ್ದ. ಕುಡಿದಿರಲಿಲ್ಲ. ರುಚಿ ನೋಡಿದ್ದ, ಅದು ಬೇರೆ. ಬಾವಿ ಹತ್ತಿರ ಕೇಳಿಸಿತು…

"ಪಿಲಿ… ಪಿಲಿ… ಪಿಲಿ…"

ಕೋಳಿ ಕರೆಯೋ ದನಿ. ಆಮೇಲೆ ತಗಡಿನ ತಟ್ಟೆಗೆ ಜೋಳ ಸುರಿದ ಸದ್ದು, ಚರ್ರ್… ಆಮೇಲೆ ಚಿಲಕ. ಟಕ್. ಹೆಂಡತಿ ಸ್ತೊಯ್ನಾಳ ದನಿಯೇ. ಈ ಹೊತ್ತಲ್ಲಿ ಇವಳಿಗೇನು ಹುಚ್ಚು ಅಂದುಕೊಂಡ.

ಅಂಗಳಕ್ಕೆ ಬಂದರೆ ಅವಳೇ. ತಲೆಗೆ ಬಟ್ಟೆ ಕಟ್ಟಿ, ಕೋಳಿಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಇನ್ನೂ ಮಲಗಿಲ್ವೇನೇ?" ಅಂದ, ಮೆಲ್ಲಗೆ.

"ಕಾಯ್ತಿದೀನಿ."

"ನನ್ನನ್ನಾ?"

"ಕೋಳಿಗಳನ್ನ." ಗೂಡಿನ ಚಿಲಕ ಮುಟ್ಟಿ ನೋಡಿ ಅಂದಳು, "ಒಳಗೆ ಹೋಗು. ಅವಳಿಗೆ ಚಳಿ ಆಗ್ತಿದೆ."

ಒಳಗೆ ಹೋದ… ಸ್ತೊಯ್ನಾ ಹಾಸಿಗೆಯಲ್ಲಿದ್ದಳು. ಎರಡು ಕಂಬಳಿ ಹೊದ್ದು ನಿದ್ದೆ. ಪಾದ ಮುಟ್ಟಿದ, ಮಂಜುಗಡ್ಡೆ. ಹೊರಗೆ ಚಿಲಕ ಮತ್ತೆ ಟಕ್ ಅಂತು.

ಆ ಗೂಡಿನ ವಿಷಯ ಹೇಳದೆ ನಿಮಗಿದು ಅರ್ಥ ಆಗಲ್ಲ.

ಆ ವರ್ಷ ವಸಂತದಲ್ಲಿ ಅವಳ ಕೋಳಿಗಳನ್ನೆಲ್ಲ ಬೆಲ್ಕಾ ಕೊಂದುಹಾಕಿತ್ತು. ಬೆಲ್ಕಾ ಅಂದ್ರೆ ಮುಂಗುಸಿಯ ಅಣ್ಣ ಅನ್ನಿ. ಮುಷ್ಟಿಯಷ್ಟು ತೂತು ಸಾಕು, ಒಳಗೆ ನುಗ್ಗುತ್ತೆ. ತಿನ್ನೋದಿಲ್ಲ ಹಾಳಾದ್ದು, ಎಲ್ಲದರ ಕತ್ತು ಕಚ್ಚಿ ಹೋಗುತ್ತೆ. ಸ್ತೊಯ್ನಾಗೆ ಮಕ್ಕಳಿಲ್ಲ. ಒಂದೊಂದು ಕೋಳಿಗೂ ಹೆಸರಿಟ್ಟಿದ್ದಳು. ಸತ್ತ ಕೋಳಿಗಳನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅವಳನ್ನ ನಾನೇ ಎಬ್ಬಿಸಿ ಒಳಗೆ ಕರ್ಕೊಂಡು ಹೋದೆ.

"ಕಲ್ಲಿನ ಗೂಡು ಕಟ್ತೀನಿ," ಅಂದ ನೆದೆಲ್ಚೊ. ಗಾರೆಯವರನ್ನ ಕರೀಲಿಲ್ಲ, ನಾನೇ ಕಟ್ತೀನಿ ಅಂತ ಹಟ. ಹೆಂಡತಿ ಮೇಲೆ ಅಷ್ಟು ಪ್ರೀತಿ.

ಅಳತೆ ಹಾಕಿದ ಸಂಜೆ ನಾನು ಬೇಲಿ ಹತ್ತಿರವೇ ಇದ್ದೆ. ಬಿಸಿಲು ಇಳಿದು ನೆರಳು ಉದ್ದವಾಗಿತ್ತು.

"ಎಷ್ಟು ಉದ್ದ ಬೇಕು ಹೇಳೇ," ಅಂದ.

"ನನ್ನಷ್ಟು ಉದ್ದ. ಪಾಪ, ಓಡಾಡಲಿ."

"ನೀನೇನು ಮಹಾ ಉದ್ದ, ಗಿಡ್ಡಿ. ನಿನ್ನ ನೆರಳಿನಷ್ಟು ಕಟ್ತೀನಿ, ನಿಂತ್ಕೋ." ಕೆಂಪು ಉಣ್ಣೆ ನೂಲು ತಗೊಂಡು ಅವಳ ಪಾದದಿಂದ ನೆರಳಿನ ತಲೆವರೆಗೂ ಎಳೆದು ಕತ್ತರಿಸಿದ. ಅವಳು ನಗ್ತಾ ನಿಂತಿದ್ದಳು, ನಾನೂ ನಕ್ಕೆ. ಆ ನೂಲನ್ನೇ ಪಾಯದಲ್ಲಿ ಹಾಸಿ, ಮೇಲೆ ಗಾರೆ ಸುರಿದು, ಕಲ್ಲು ಕೂರಿಸಿದ.

ಗೂಡೇನೋ ಅಚ್ಚುಕಟ್ಟು. ಸೂರಿನ ಕೆಳಗೆ ಗಾಳಿಗೆ ಕಿಂಡಿ, ಅದಕ್ಕೆ ಬಿಗಿ ತಂತಿಬಲೆ. ಕೂರೋಕೆ ತೊಗಟೆ ಕೆತ್ತಿದ ಕೋಲು, ಮೊಟ್ಟೆಗೆ ಹುಲ್ಲು ಹಾಸಿದ ಪೆಟ್ಟಿಗೆ, ಮೈ ಹೊರಳಿಸೋಕೆ ಬೂದಿ. ಹೊಸ ಮರಿ ತಂದು ಬಿಟ್ಟರು. ಬೇಸಿಗೆ ಪೂರ್ತಿ ಬೆಲ್ಕಾ ಬರಲಿಲ್ಲ, ನರಿ ಬರಲಿಲ್ಲ. ಸ್ತೊಯ್ನಾ ಮಾತ್ರ ದಿನದಿನಕ್ಕೆ ಇಳಿದುಹೋದಳು. ಡಾಕ್ಟರು ರಕ್ತ ನೋಡಿದರು, ಎದೆ ನೋಡಿದರು. ಏನೂ ಇಲ್ಲ ಅಂದರು.

ಭಟ್ಟಿಯಿಂದ ಬಂದ ಆ ರಾತ್ರಿ ನೆದೆಲ್ಚೊ ನಿದ್ದೆ ಮಾಡಲಿಲ್ಲ. ಬೆಳಕು ಹರಿಯುವ ಮುಂಚೆ ನನ್ನನ್ನ ಎಬ್ಬಿಸಿಕೊಂಡು ವೆಲಿಕಾ ಅಜ್ಜಿ ಮನೆಗೆ ಹೋದ. ಅವಳ ಗಂಡ ಸೇತುವೆ ಕಟ್ಟೋ ಗಾರೆಯವನು, ಇಂಥದ್ದೆಲ್ಲ ಅವಳಿಗೆ ಗೊತ್ತು. ಅಜ್ಜಿ ಎಲ್ಲ ಕೇಳಿಸಿಕೊಂಡು ಪಿಸುದನಿಯಲ್ಲಿ ಕೇಳಿದಳು.

"ಅಳೆದ ನೂಲು ಎಲ್ಲಿಟ್ಟೆ?"

"ಪಾಯದಲ್ಲೇ ಇದೆ."

"ಅವಳ ನೆರಳು ಅಳೆದದ್ದಾ?"

ಇವನು ತಲೆಯಾಡಿಸಿದ.

"ನೆರಳು ಅಳೆದ ನೂಲು ಗೋಡೆಗೆ ಸೇರಿದರೆ ಆ ನೆರಳು ಯಾರದೋ ಅವರು ಸವೆದು ಸತ್ತು ಗೋಡೆ ಕಾಯೋಕೆ ಹೋಗ್ತಾರೆ. ನಿಂಗೆ ಗೊತ್ತಿರಲಿಲ್ವಾ?"

"ಅದು ಸೇತುವೆಗೆ, ಚರ್ಚಿಗೆ ಮಾತ್ರ ಅಂತಿದ್ರು ಅಜ್ಜಿ… ಇದು ಕೋಳಿಗೂಡು."

"ಗೋಡೆಗೆ ಅದೆಲ್ಲ ಗೊತ್ತಾಗುತ್ತೇನೋ? ಹೋಗು. ಅವಳು ಉಸಿರಾಡ್ತಿರೋವಾಗಲೇ ನೂಲು ತೆಗಿ."

ಹಾರೆ ತಗೊಂಡು ಒಡೆದ. ನಾನು ಕಲ್ಲು ಹೊತ್ತೆ. ಸ್ತೊಯ್ನಾ ಕಿಟಕಿಗೆ ಬಂದಳು, ಗೋಡೆ ಹಿಡಿದುಕೊಂಡು.

"ಯಾಕೋ ಒಡೀತಿದೀಯ? ಚಳಿಗಾಲ ಬಂತಲ್ಲೋ…"

"ಇನ್ನೂ ಚೆನ್ನಾಗಿ ಕಟ್ತೀನಿ ಕಣೇ. ನೀನು ಮಲಗು."

"ಇದೇ ಚೆನ್ನಾಗಿತ್ತು."

ಕೊನೆಯ ಸಾಲಿನ ಕಲ್ಲು ಎತ್ತಿದೆವು. ಕೆಳಗಿನ ಗಾರೆ ಮಗುಚಿದರೆ ಅದರಲ್ಲಿ ನೂಲಿನ ಅಚ್ಚು ಇತ್ತು. ಉಣ್ಣೆಯ ಎಳೆ ಎಳೆ, ಹುರಿಯ ಸುತ್ತು, ಎಲ್ಲ ಮೂಡಿತ್ತು. ನೂಲು ಇರಲಿಲ್ಲ… ಗಾರೆ ಕುಟ್ಟಿ ಪುಡಿ ಮಾಡಿದ. ಮಣ್ಣನ್ನ ಗೋಧಿ ಜರಡಿಯಲ್ಲಿ ಜರಡಿ ಹಿಡಿದೆ ನಾನು. ಕೆಂಪು ಅನ್ನೋ ಒಂದು ಎಳೆ ಸಿಗಲಿಲ್ಲ. ಅವನು ಬರಿಗೈಯಲ್ಲಿ ನೆಲ ಕೆರೀತಾ ಅಳ್ತಿದ್ದ. ಏನು ಮಾಡ್ಲಿ ಅಕ್ಕಾ, ಏನು ಮಾಡ್ಲಿ, ಅದೊಂದೇ ಮಾತು. ನಾನು ಅದೇ ಮಣ್ಣನ್ನ ಮತ್ತೆ ಜರಡಿಗೆ ಸುರಿದೆ.

ಮೊದಲ ಹಿಮ ಬೀಳುವ ಮುಂಚೆ ಅವಳು ಹೋದಳು. ಅವನ ಕೈ ಹಿಡಿದುಕೊಂಡೇ ಹೋದಳು.

ಗೋಡೆ ಇಲ್ಲ, ಇನ್ನಾದರೂ ಅವಳಿಗೆ ಬಿಡುಗಡೆ ಅಂದುಕೊಂಡೆವು. ಕೋಳಿಗಳನ್ನ ನನ್ನ ಕೊಟ್ಟಿಗೆಗೆ ತಂದೆ. ಸಂಜೆಯಾಗುತ್ತಲೇ ಒಂದರ ಹಿಂದೆ ಒಂದು ಬೇಲಿ ನುಸುಳಿ ವಾಪಸ್ ಹೋದವು. ಕಿತ್ತುಹಾಕಿದ ಜಾಗದಲ್ಲಿ, ಬರಿ ನೆಲದ ಮೇಲೆ ಸಾಲಾಗಿ ಕೂತು ಕಣ್ಣು ಮುಚ್ಚಿದವು. ಹಿಡಿದು ತಂದರೆ ಮತ್ತೆ ಹೋಗ್ತಾವೆ.

"ಮಾರಿಬಿಡೋ," ಅಂದೆ ಅವನಿಗೆ.

"ಮಾರಿದ್ರೆ ಅವಳು ಅಲ್ಲಿ ಬರಿ ನೆಲ ಕಾಯಬೇಕು ಅಕ್ಕಾ," ಅಂದ.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಾನು ನೋಡಿದ್ದು ಹೇಳ್ತೀನಿ. ಈ ಬೆಳಿಗ್ಗೆಯೂ ನೋಡಿ ಬಂದೆ. ಅಂಗಳದ ತುಂಬ ಮೊಣಕಾಲುದ್ದ ಹಿಮ. ಗೂಡಿದ್ದ ಜಾಗದಲ್ಲಿ ಒಣ ನೆಲ, ಕೋಳಿಗಳು ಬೆಚ್ಚಗೆ. ನರಿಯ ಹೆಜ್ಜೆ ಅಲ್ಲಿಯವರೆಗೂ ಬಂದಿದೆ. ಗೂಡಿನ ಮೂಲೆ ಇದ್ದಲ್ಲಿ ತಿರುಗಿ, ಗೋಡೆ ಇದ್ದ ಜಾಗದ ಗುಂಟ ಹೋಗಿ, ಬಾಗಿಲಿದ್ದ ಕಡೆ ನಿಂತು, ವಾಪಸ್ ಕಾಡಿಗೆ ಹೋಗಿದೆ.